ಫ್ಯಾಕ್ಟರಿ ಕೆಲಸಕ್ಕೆ ಹೊರಟಿದ್ದೀರಾ? ಇಂಡಸ್ಟ್ರಿಗಿಂತ ಮೊದಲು ಕೆಲಸ ಆರಿಸಿಕೊಳ್ಳಿ

ಮುಂದೆ ಸ್ಕೋಪ್ ಇರುವ ಫೀಲ್ಡ್ ಯಾವುದು? ತಿಂಗಳಿಗೆ ಒಬ್ಬರಾದರೂ ನನ್ನನ್ನು ಹೀಗೆ ಕೇಳುತ್ತಾರೆ. ಕೆಲವರು ಈಗಷ್ಟೇ ಓದು ಮುಗಿಸಿದವರು. ಇನ್ನು ಕೆಲವರು ಹತ್ತು ವರ್ಷ ಬೇರೆ ಏನೋ ಮಾಡಿ, ಸಾಕಪ್ಪಾ ಅನ್ನಿಸಿ, ಹೊಸದಾಗಿ ಶುರು ಮಾಡಲು ಹೊರಟವರು. ಎಲ್ಲರಿಗೂ ನನ್ನಿಂದ ಒಂದು ಹೆಸರು ಬೇಕು. ಬ್ಯಾಟರಿ, ಸೋಲಾರ್, ಚಿಪ್, ರೋಬೋಟ್, ಹೀಗೆ ಏನೋ ಒಂದು. ನಾನು ಹೆಸರು ಹೇಳುವುದಿಲ್ಲ. ಯಾವ ಕೆಲಸ ಕಲಿಯುತ್ತೀರಿ ಅಂತ ತಿರುಗಿ ಕೇಳುತ್ತೇನೆ.

ಇಂಡಸ್ಟ್ರಿ ಏರುತ್ತದೆ, ಇಳಿಯುತ್ತದೆ. ಕಲಿತ ಕೆಲಸ ನಿಮ್ಮ ಜೊತೆಗೇ ಬರುತ್ತದೆ. ಸೋಪು ಪ್ಯಾಕ್ ಮಾಡುವ ಲೈನ್‌ನಲ್ಲಿ ಕನ್ವೇಯರ್ ಯಾಕೆ ನಿಂತಿತು ಅಂತ ಕಂಡುಹಿಡಿಯಬಲ್ಲವರು ನಾಳೆ ಬ್ಯಾಟರಿ ಫ್ಯಾಕ್ಟರಿಗೆ ಹೋದರೂ ಅದೇ ಕೆಲಸ ಮಾಡುತ್ತಾರೆ. ಅಲ್ಲಿಯೂ ಮೋಟಾರ್, ಸೆನ್ಸರ್, ಪಿಎಲ್‌ಸಿಗಳೇ (ಮಶೀನ್ ನಡೆಸುವ ಸಣ್ಣ ಕಂಪ್ಯೂಟರ್‌ಗಳು) ಇರುತ್ತವೆ. ಮೇಲಿನ ಬೋರ್ಡು ಮಾತ್ರ ಬೇರೆ. ಹಾಗಾಗಿ ಈ ಬರಹದಲ್ಲಿ ಮೊದಲು ಕೆಲಸಗಳ ಬಗ್ಗೆ ಹೇಳುತ್ತೇನೆ. ಬೆಳೆಯುತ್ತಿರುವ ಇಂಡಸ್ಟ್ರಿಗಳು ಆಮೇಲೆ.

ಮೊದಲು ಅಳೆಯುವುದನ್ನು ಕಲಿಯಿರಿ

ಯಾವ ಟ್ರೇಡ್‌ಗೆ ಹೋದರೂ ಇದು ಬೇಕೇ ಬೇಕು. ವರ್ನಿಯರ್ ಮತ್ತು ಮೈಕ್ರೋಮೀಟರ್ (ತೀರಾ ಸಣ್ಣ ಅಳತೆ ತೆಗೆಯುವ ಸಾಧನಗಳು) ಓದಲು ಬರದೆ ಶಾಪ್ ಫ್ಲೋರ್‌ಗೆ, ಅಂದರೆ ಮಶೀನ್‌ಗಳಿರುವ ಜಾಗಕ್ಕೆ, ಕಾಲಿಡಬೇಡಿ. ಒಂದು ವಾರ ಕೂತು ಅಭ್ಯಾಸ ಮಾಡಿದರೆ ಬರುತ್ತದೆ, ಆದರೆ ಎಷ್ಟೋ ಜನ ಇದನ್ನು ಪರೀಕ್ಷೆಗೆ ಓದಿ ಮರೆತಿರುತ್ತಾರೆ.

ಮೈಕ್ರೋಮೀಟರ್ ಒಳಗೆ ಇರುವುದು ಒಂದು ಸ್ಕ್ರೂ. ಒಂದು ಸುತ್ತು ತಿರುಗಿಸಿದರೆ ಅರ್ಧ ಮಿಲಿಮೀಟರ್ ಮುಂದೆ ಹೋಗುತ್ತದೆ. ತಿರುಗಿಸುವ ಥಿಂಬಲ್ ಮೇಲೆ 50 ಗೆರೆ ಇರುತ್ತವೆ. ಅಂದರೆ ಒಂದು ಗೆರೆಗೆ 0.01 ಮಿ.ಮೀ. ಲೆಕ್ಕ ಇಷ್ಟೇ. ಕಷ್ಟ ಇರುವುದು ಕೈಯಲ್ಲಿ.

ನಾನು ಟ್ರೈನಿಯಾಗಿದ್ದಾಗ ನಡೆದದ್ದು ಹೇಳುತ್ತೇನೆ. 20 ಮಿ.ಮೀ. ವ್ಯಾಸದ ಶಾಫ್ಟ್, ಡ್ರಾಯಿಂಗ್ ಪ್ರಕಾರ 19.98ರಿಂದ 20.00 ಒಳಗೆ ಬರಬೇಕು. ಪ್ರತಿಯೊಂದನ್ನೂ ನಾನೇ ಅಳೆದೆ. 19.99, 20.00, ಎಲ್ಲಾ ಸರಿ. ಜಾಬ್‌ಗಳು (ಮಶೀನ್‌ನಲ್ಲಿ ಮಾಡುವ ತುಂಡಿಗೆ ನಾವು ಜಾಬ್ ಅನ್ನುತ್ತೇವೆ) ಇನ್‌ಸ್ಪೆಕ್ಷನ್‌ಗೆ ಹೋದವು, ಅಲ್ಲಿ 20.01, 20.02 ಬಂತು. ಬೇರಿಂಗ್ ಕೂರುತ್ತಲೇ ಇಲ್ಲ. ನಲವತ್ತು ಶಾಫ್ಟ್ ವಾಪಸ್ ಬಂದವು. ಮಶೀನ್ ಕೆಟ್ಟಿದೆ ಅಂತಲೇ ನಾನು ಅಂದುಕೊಂಡಿದ್ದೆ. ಹಿರಿಯ ಟರ್ನರ್ ಒಬ್ಬರು ಬಂದು ಮಶೀನ್ ಮುಟ್ಟಲೇ ಇಲ್ಲ. "ಎಲ್ಲಿ, ಒಂದು ಅಳೆದು ತೋರಿಸು" ಅಂದರು. ನನ್ನ ಬೆರಳನ್ನೇ ನೋಡುತ್ತಾ ನಿಂತರು. ನಾನು ಥಿಂಬಲ್ ಹಿಡಿದು ಬೋಲ್ಟ್ ಬಿಗಿ ಮಾಡಿದ ಹಾಗೆ ತಿರುಗಿಸುತ್ತಿದ್ದೆ. ಹಾಗೆ ಒತ್ತಿದರೆ ಫ್ರೇಮ್ ಸ್ವಲ್ಪ ಅಗಲ ಆಗುತ್ತದೆ, ರೀಡಿಂಗ್ ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ. ತುದಿಯಲ್ಲಿ ರಾಚೆಟ್ ಅಂತ ಇರುವುದೇ ಅದಕ್ಕೆ: ಅದನ್ನು ತಿರುಗಿಸಿ, ಎರಡು ಮೂರು ಸಲ ಟಿಕ್ ಟಿಕ್ ಅಂದ ಮೇಲೆ ನಿಲ್ಲಿಸಿ, ಆಮೇಲೆ ಓದಿ. ಸೈಜ್ ಜಾಸ್ತಿ ಇದ್ದಿದ್ದರಿಂದ ರೀವರ್ಕ್ ಮಾಡಿ ಉಳಿಸಿಕೊಂಡೆವು. ಕಮ್ಮಿ ಆಗಿದ್ದರೆ ನಲವತ್ತೂ ಸ್ಕ್ರ್ಯಾಪ್.

ಇನ್ನೊಂದು ಮಾತು. ಮಶೀನ್‌ನಿಂದ ಈಗಷ್ಟೇ ತೆಗೆದ ಬಿಸಿ ಜಾಬ್ ಅಳೆಯಬೇಡಿ. 100 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 0.01 ಮಿ.ಮೀ. ಉದ್ದ ಆಗುತ್ತದೆ. ಜಗತ್ತಿನಾದ್ಯಂತ ಅಳತೆಗೆ ಒಪ್ಪಿಕೊಂಡಿರುವ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ದೊಡ್ಡ ಕಂಪನಿಗಳ ಇನ್‌ಸ್ಪೆಕ್ಷನ್ ರೂಮಿಗೆ ಎಸಿ ಹಾಕಿರುವುದು ಜಾಬ್‌ಗಳಿಗೋಸ್ಕರ.

ಅಳತೆಯ ಜೊತೆಗೇ ಡ್ರಾಯಿಂಗ್ ಓದುವುದನ್ನೂ ಕಲಿಯಿರಿ. ಒಂದೇ ವಸ್ತುವಿನ ಬೇರೆ ಬೇರೆ ನೋಟಗಳನ್ನು ಕಾಗದದ ಮೇಲೆ ಜೋಡಿಸುವ ಎರಡು ಪದ್ಧತಿ ಇವೆ: ಫಸ್ಟ್ ಆಂಗಲ್, ಥರ್ಡ್ ಆಂಗಲ್. ಅವುಗಳ ವ್ಯತ್ಯಾಸ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಎಡಗಡೆ ಹಾಕಬೇಕಾದ ತೂತು ಬಲಗಡೆ ಹಾಕಿರುತ್ತೀರಿ. ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚು ಕಮ್ಮಿ ಆಗಬಹುದು ಅನ್ನುವುದು) ಎಲ್ಲಿ ಬರೆದಿದ್ದಾರೆ, ಬರೆಯದಿದ್ದರೆ ಯಾವುದನ್ನು ಹಿಡಿಯಬೇಕು, ಮೂಲೆಯ ಟೈಟಲ್ ಬ್ಲಾಕ್‌ನಲ್ಲಿ ಏನೇನಿದೆ, ಇಷ್ಟು ಬಂದರೆ ಇಂಟರ್ವ್ಯೂನಲ್ಲಿ ಅರ್ಧ ದಾರಿ ಮುಗಿಯಿತು.

ಸಿಎನ್‌ಸಿ: ಬಟನ್ ಒತ್ತುವುದರಲ್ಲೇ ಉಳಿಯಬೇಡಿ

1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ತೂತು ಹಾಕಿದ ಟೇಪ್ ಓದಿ ತಾನೇ ಓಡುವ ಮಿಲ್ಲಿಂಗ್ ಮಶೀನ್ ತೋರಿಸಿದರು. ಇವತ್ತಿನ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಶೀನ್, ಅದೇ ವಂಶದ್ದು. ಈ ಕೆಲಸದಲ್ಲಿ ಮೂರು ಮೆಟ್ಟಿಲು: ಆಪರೇಟರ್, ಸೆಟ್ಟರ್, ಪ್ರೋಗ್ರಾಮರ್. ಆಪರೇಟರ್ ಜಾಬ್ ಹಾಕುತ್ತಾರೆ, ಸೈಕಲ್ ಸ್ಟಾರ್ಟ್ ಒತ್ತುತ್ತಾರೆ, ತೆಗೆದು ಅಳೆಯುತ್ತಾರೆ. ಸೆಟ್ಟರ್ ಟೂಲ್ ಕಟ್ಟಿ, ಆಫ್‌ಸೆಟ್ (ಟೂಲ್ ತುದಿ ಎಲ್ಲಿದೆ ಅಂತ ಮಶೀನ್‌ಗೆ ಕೊಡುವ ಅಂಕಿ) ಹಿಡಿದು, ಮೊದಲ ಜಾಬ್ ಸರಿಯಾಗಿ ತೆಗೆದುಕೊಡುತ್ತಾರೆ. ಪ್ರೋಗ್ರಾಮ್ ಬರೆಯುವವರು ಅದಕ್ಕೂ ಮೇಲೆ.

ಆಪರೇಟರ್ ಆಗಿ ಸೇರುವುದು ತಪ್ಪಲ್ಲ, ನಾನೂ ಹಾಗೇ ಸೇರಿದ್ದು. ಆದರೆ ಐದು ವರ್ಷ ಅಲ್ಲೇ ಕೂತರೆ ಆ ಜಾಗಕ್ಕೆ ಜಾಬ್ ಹಾಕಿ ತೆಗೆಯುವ ರೋಬೋಟ್ ಬರಬಹುದು. ಅಲ್ಲಿಂದ ಮೇಲೆ ಹತ್ತಲು ಮೊದಲ ಹೆಜ್ಜೆ ವೇರ್ ಆಫ್‌ಸೆಟ್, ಅಂದರೆ ಟೂಲ್ ಸವೆದಷ್ಟಕ್ಕೆ ಕೊಡುವ ತಿದ್ದುಪಡಿ. ಲೇತ್‌ನಲ್ಲಿ (ಜಾಬ್ ತಿರುಗಿಸಿ ಕತ್ತರಿಸುವ ಮಶೀನ್) ಇನ್ಸರ್ಟ್, ಅಂದರೆ ಟೂಲ್ ತುದಿಯ ಕತ್ತರಿಸುವ ತುಂಡು, ಸವೆಯುತ್ತಾ ಹೋದ ಹಾಗೆ ಶಾಫ್ಟಿನ ಹೊರವ್ಯಾಸ ಮೆಲ್ಲಗೆ ಜಾಸ್ತಿ ಆಗುತ್ತದೆ. ಬೆಳಗ್ಗೆ 19.985 ಇದ್ದದ್ದು ಮಧ್ಯಾಹ್ನಕ್ಕೆ 19.995. ಲಿಮಿಟ್ ದಾಟುವ ಮುಂಚೆಯೇ ಎಕ್ಸ್ (ವ್ಯಾಸದ ದಿಕ್ಕು) ವೇರ್ ಆಫ್‌ಸೆಟ್‌ನಲ್ಲಿ ಮೈನಸ್ 0.01 ಕೊಟ್ಟರೆ ಮತ್ತೆ ಬೆಳಗಿನ ಸೈಜ್‌ಗೆ ಬರುತ್ತದೆ. ಪ್ಲಸ್ ಕೊಟ್ಟರೆ ಸೈಜ್ ಲಿಮಿಟ್ ದಾಟುತ್ತದೆ. ಪಾಯಿಂಟ್ ತಪ್ಪಿ ಮೈನಸ್ 1 ಕೊಟ್ಟರೆ ಟೂಲೂ ಹೋಗಬಹುದು. ಹಾಗಾಗಿ ಸೆಟ್ಟರ್ ಪಕ್ಕ ನಿಂತು ನೋಡಿ, ಕೇಳಿ, ಅವರ ಅನುಮತಿ ತೆಗೆದುಕೊಂಡೇ ಮಾಡಿ. ಗಂಟೆಗೊಂದು ಸಲ ಸೈಜ್ ಬರೆದಿಟ್ಟು "ಅಣ್ಣ, ಇದು ಏರ್ತಾ ಇದೆ, ಆಫ್‌ಸೆಟ್ ಕೊಡೋಣ್ವಾ?" ಅಂತ ಕೇಳುವ ಹುಡುಗ ಹುಡುಗಿಯರು ಯಾರ ಕಣ್ಣಿಗಾದರೂ ಬೀಳುತ್ತಾರೆ.

ಸಿಎನ್‌ಸಿ ಪ್ರೋಗ್ರಾಮ್ ಬರೆಯುವ ಭಾಷೆ ಜಿ-ಕೋಡ್. ಅದನ್ನು ಮನೆಯಲ್ಲೇ ಕಲಿಯಬಹುದು. ಜಿ00 ಅಂದರೆ ಟೂಲ್ ವೇಗವಾಗಿ ಜಾಗ ಬದಲಿಸುವುದು, ಜಿ01 ಅಂದರೆ ಫೀಡ್‌ನಲ್ಲಿ ನೇರವಾಗಿ ಕತ್ತರಿಸುತ್ತಾ ಹೋಗುವುದು, ಎಂ03 ಸ್ಪಿಂಡಲ್ ಓಡಿಸಲು, ಎಂ05 ನಿಲ್ಲಿಸಲು, ಎಂ08 ಕೂಲಂಟ್ ಬಿಡಲು. ಇಪ್ಪತ್ತು ಕೋಡ್ ಬಂದರೆ ಸಾಕು, ಬಹುಪಾಲು ಪ್ರೋಗ್ರಾಮ್ ಓದಬಹುದು. ಫ್ರೀಕ್ಯಾಡ್ ಅನ್ನುವ ಸಾಫ್ಟ್‌ವೇರ್ ಉಚಿತ. ಅದರಲ್ಲಿ ಡ್ರಾಯಿಂಗ್ ಮಾಡಿ ಟೂಲ್ ಹೋಗುವ ದಾರಿಯನ್ನೂ ನೋಡಬಹುದು.

ಮೇಂಟೆನೆನ್ಸ್: ನನ್ನನ್ನು ಕೇಳಿದರೆ ಇದೇ

ಒಂದೇ ಒಂದು ಆರಿಸಿ ಅಂದರೆ ನಾನು ಮೇಂಟೆನೆನ್ಸ್ ಅನ್ನುತ್ತೇನೆ. ಆಟೊಮೇಷನ್ ಜಾಸ್ತಿ ಆದಷ್ಟೂ ಅದನ್ನು ರಿಪೇರಿ ಮಾಡುವವರು ಜಾಸ್ತಿ ಬೇಕು. 1961ರಲ್ಲಿ ಜನರಲ್ ಮೋಟಾರ್ಸ್‌ನ ಒಂದು ಫ್ಯಾಕ್ಟರಿಯಲ್ಲಿ ಯೂನಿಮೇಟ್ ಅನ್ನುವ ರೋಬೋಟ್ ಕೈ ಬಿಸಿ ಎರಕದ ತುಂಡುಗಳನ್ನು ಎತ್ತಿಡಲು ಶುರು ಮಾಡಿತು. ಆವತ್ತಿನಿಂದ ಇವತ್ತಿನವರೆಗೂ ಪ್ರತಿ ರೋಬೋಟ್ ಹಿಂದೆ ಅದರ ಗ್ರಿಪ್ಪರ್ ಬದಲಿಸುವ, ಕೇಬಲ್ ಸವೆದದ್ದು ನೋಡುವ, ಪಾಯಿಂಟ್ ಮತ್ತೆ ಕಲಿಸುವ ಒಬ್ಬರು ಇದ್ದೇ ಇದ್ದಾರೆ.

ಈ ಕೆಲಸ ಹೇಗಿರುತ್ತದೆ ಅಂತ ಒಂದು ರಾತ್ರಿಯ ಕಥೆ ಹೇಳುತ್ತೇನೆ. ಎರಡು ಗಂಟೆ ಹೊತ್ತಿಗೆ ಪ್ಯಾಕಿಂಗ್ ಲೈನ್ ನಿಂತಿತು. ಗಾಳಿಯ ಒತ್ತಡದಿಂದ ಹಿಂದೆ ಮುಂದೆ ಓಡುವ ಸಿಲಿಂಡರ್ ಮುಂದೆ ಹೋಗಿದೆ, ವಾಪಸ್ ಬರುತ್ತಿಲ್ಲ. ಹೊಸದಾಗಿ ಸೇರಿದ್ದ ಹುಡುಗ ಪಿಎಲ್‌ಸಿ ಕಾರ್ಡ್ ಹೋಗಿದೆ, ಬದಲಿಸೋಣ ಅಂದ. ನಾವು ಎಮರ್ಜೆನ್ಸಿ ಸ್ಟಾಪ್ ಒತ್ತಿ, ಗಾಳಿಯ ಒತ್ತಡ ಹೊರಗೆ ಬಿಟ್ಟು, ಸಿಲಿಂಡರ್ ತುದಿಯಲ್ಲಿರುವ ಪ್ರಾಕ್ಸಿಮಿಟಿ ಸೆನ್ಸರ್ (ಹತ್ತಿರ ಲೋಹ ಬಂದರೆ ಗುರುತಿಸುವುದು) ನೋಡಿದೆವು. ಅದರ ಸಣ್ಣ ಎಲ್‌ಇಡಿ ಹತ್ತಿರಲಿಲ್ಲ. ಮುಂದೆ ಸ್ಕ್ರೂಡ್ರೈವರ್ ತುದಿ ಹಿಡಿದೆ, ಹತ್ತಿತು. ತೆಗೆದೆ, ಆರಿತು. ಅಂದರೆ ಸೆನ್ಸರ್ ಚೆನ್ನಾಗಿದೆ, ಅದಕ್ಕೆ ಕರೆಂಟೂ ಬರುತ್ತಿದೆ. ತೊಂದರೆ ಬ್ರಾಕೆಟ್‌ನಲ್ಲಿ. ಒಂದು ನಟ್ ಸಡಿಲವಾಗಿ ಸೆನ್ಸರ್ ಎರಡು ಮೂರು ಮಿಲಿಮೀಟರ್ ಹಿಂದೆ ಸರಿದಿತ್ತು, ಅಷ್ಟೇ. ಸಿಲಿಂಡರ್ ಬಂದಿದೆ ಅಂತ ಅದಕ್ಕೆ ಕಾಣುತ್ತಿರಲಿಲ್ಲ. ಒಂದು ಸ್ಪ್ಯಾನರ್, ಹತ್ತು ನಿಮಿಷ. ಏನನ್ನೂ ಬದಲಿಸುವ ಮುಂಚೆ ಎಲ್ಲಿಯವರೆಗೆ ಸರಿಯಿದೆ ಅಂತ ಒಂದೊಂದೇ ಹೆಜ್ಜೆ ಪರೀಕ್ಷೆ ಮಾಡುವುದೇ ಇಲ್ಲಿ ವಿದ್ಯೆ.

ಪಿಎಲ್‌ಸಿ ಅಂದರೆ ಹೆದರಬೇಡಿ. 1960ರ ದಶಕದ ಕೊನೆಗೆ ಕಾರು ಮಾಡುವ ಫ್ಯಾಕ್ಟರಿಗಳಲ್ಲಿ ಪ್ಯಾನಲ್ ತುಂಬಾ ರಿಲೇಗಳಿದ್ದವು (ಕರೆಂಟಿನಿಂದ ಆನ್ ಆಫ್ ಆಗುವ ಸ್ವಿಚ್‌ಗಳು), ಮಾಡೆಲ್ ಬದಲಾದಾಗೆಲ್ಲಾ ವೈರಿಂಗ್ ಬಿಚ್ಚಿ ಮತ್ತೆ ಮಾಡಬೇಕಿತ್ತು. ಆ ತಲೆನೋವು ತಪ್ಪಿಸಲು ಪಿಎಲ್‌ಸಿ ಬಂತು. ಎಲೆಕ್ಟ್ರಿಷಿಯನ್‌ಗಳಿಗೆ ಅರ್ಥ ಆಗಲಿ ಅಂತಲೇ ಅದರ ಲ್ಯಾಡರ್ ಭಾಷೆಯನ್ನು ರಿಲೇ ಡ್ರಾಯಿಂಗ್ ಥರವೇ ಇಟ್ಟರು. ಹಾಗಾಗಿ ಎಲೆಕ್ಟ್ರಿಕಲ್ ಬೇಸಿಕ್ಸ್ ಗೊತ್ತಿದ್ದವರಿಗೆ ಇದು ಬೇಗ ಹತ್ತುತ್ತದೆ. ಅಭ್ಯಾಸಕ್ಕೆ ಓಪನ್‌ಪಿಎಲ್‌ಸಿ ಅನ್ನುವ ಸಾಫ್ಟ್‌ವೇರ್ ಉಚಿತ, ಕೋಡೆಸಿಸ್‌ನ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಕೂಡ ಉಚಿತವಾಗಿ ಸಿಗುತ್ತದೆ. ಮೊದಲು ಒಂದೇ ಒಂದು ಮಾಡಿ: ಸ್ಟಾರ್ಟ್ ಒತ್ತಿ ಬಿಟ್ಟರೂ ಮೋಟಾರ್ ಓಡುತ್ತಿರಬೇಕು, ಸ್ಟಾಪ್ ಒತ್ತಿದಾಗ ನಿಲ್ಲಬೇಕು. ಅದು ಬಂದ ಮೇಲೆ ಟೈಮರ್ ಸೇರಿಸಿ, ಕೌಂಟರ್ ಸೇರಿಸಿ, ಎರಡು ಮೋಟಾರ್ ಒಟ್ಟಿಗೆ ಓಡದ ಹಾಗೆ ಇಂಟರ್‌ಲಾಕ್ ಹಾಕಿ.

ಮೇಂಟೆನೆನ್ಸ್‌ಗೆ ಬರುವವರು ಲಾಕ್‌ಔಟ್ ಅನ್ನುವುದನ್ನು ಉಸಿರಾಟದ ಹಾಗೆ ರೂಢಿ ಮಾಡಿಕೊಳ್ಳಬೇಕು. ಮೇನ್ ಆಫ್ ಮಾಡಿ, ನಿಮ್ಮ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ ನೋಡಿ, ನಿಜವಾಗಿ ಓಡುವುದಿಲ್ಲ ತಾನೇ? ಗಾಳಿ, ಹೈಡ್ರಾಲಿಕ್ ಪ್ರೆಶರ್, ಮೇಲೆತ್ತಿ ನಿಲ್ಲಿಸಿದ ಭಾರ, ಇವೂ ಶಕ್ತಿಯೇ. ಕರೆಂಟ್ ತೆಗೆದ ಮಾತ್ರಕ್ಕೆ ಇವು ಹೋಗುವುದಿಲ್ಲ. "ಎರಡೇ ನಿಮಿಷದ ಕೆಲಸ, ಬೀಗ ಯಾಕೆ" ಅಂತ ಯಾರಾದರೂ ಅಂದರೆ ಅವರ ಮಾತು ಕೇಳಬೇಡಿ, ಅವರು ಎಷ್ಟೇ ಸೀನಿಯರ್ ಆಗಿರಲಿ.

ವೆಲ್ಡಿಂಗ್, ಕ್ವಾಲಿಟಿ

ವೆಲ್ಡಿಂಗ್ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಇಲ್ಲಿ ಮಾತಿಗಿಂತ ಟೆಸ್ಟ್ ಪೀಸ್ ಮುಖ್ಯ. ನೀವು ಹಾಕಿದ ಬೆಸುಗೆಯನ್ನು ಕತ್ತರಿಸಿ ಬಗ್ಗಿಸಿ ನೋಡುತ್ತಾರೆ. ಬಿರುಕು ಬಿಟ್ಟರೆ ಮುಗಿಯಿತು. 45 ಡಿಗ್ರಿ ವಾಲಿಸಿ ಕಟ್ಟಿದ ಪೈಪನ್ನು ತಿರುಗಿಸದೆ ಸುತ್ತಲೂ ವೆಲ್ಡ್ ಮಾಡುವ 6ಜಿ ಟೆಸ್ಟ್ ಪಾಸಾದವರಿಗೆ ಪೈಪ್‌ಲೈನ್, ಹಡಗು, ಪವರ್ ಪ್ಲಾಂಟ್ ಎಲ್ಲಾ ಕಡೆ ಬೇಡಿಕೆ. ಒಂದು ಎಚ್ಚರಿಕೆ: ಬಳಕೆಯಲ್ಲಿರುವ ಪ್ರಮುಖ ವೆಲ್ಡಿಂಗ್ ಕೋಡ್‌ಗಳ (ನಿಯಮಾವಳಿಗಳ) ಪ್ರಕಾರ ಆರು ತಿಂಗಳು ಆ ವಿಧಾನದಲ್ಲಿ ವೆಲ್ಡಿಂಗ್ ಮಾಡದೆ ಬಿಟ್ಟರೆ ಅರ್ಹತೆ ಹೋಗುತ್ತದೆ. ಹಾಗಾಗಿ ಯಾವಾಗ, ಎಲ್ಲಿ, ಏನು ವೆಲ್ಡ್ ಮಾಡಿದಿರಿ ಅನ್ನುವ ದಾಖಲೆಗೆ ಸಹಿ ಹಾಕಿಸಿಕೊಳ್ಳುತ್ತಿರಿ.

ಕ್ವಾಲಿಟಿ ಇಷ್ಟವಾಗುವವರು ತಾಳ್ಮೆ ಇರುವವರು. ಇದರೊಳಗೆ ಎನ್‌ಡಿಟಿ ಅಂತ ಒಂದು ದಾರಿ ಇದೆ. ಒಡೆಯದೆ, ಕತ್ತರಿಸದೆ ಒಳಗಿನ ಮತ್ತು ಮೇಲ್ಮೈಯ ಬಿರುಕು ಹುಡುಕುವುದು. ಅಲ್ಟ್ರಾಸೌಂಡ್, ಎಕ್ಸ್-ರೇ, ಬಣ್ಣದ ದ್ರವ ಹಚ್ಚಿ ನೋಡುವ ಪರೀಕ್ಷೆ, ಹೀಗೆ. ಐಎಸ್ಒ 9712 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇದರಲ್ಲಿ ಮೂರು ಲೆವೆಲ್ ಇವೆ. ಒಂದೊಂದೇ ವಿಧಾನಕ್ಕೆ ಒಂದೊಂದೇ ಲೆವೆಲ್ ಮುಗಿಸುತ್ತಾ ಹೋಗಬಹುದು. ಯಾಕೋ ಜನ ಇದರ ಬಗ್ಗೆ ಕೇಳುವುದೇ ಕಮ್ಮಿ, ಒಳ್ಳೆಯ ಕೆಲಸ.

ಬೆಳೆಯುತ್ತಿರುವ ಕಡೆ ಹೋಗುವವರಿಗೆ

ಅಮೆರಿಕದ ಕಾರ್ಮಿಕ ಇಲಾಖೆ ವೇಗವಾಗಿ ಬೆಳೆಯುವ ಉದ್ಯೋಗಗಳ ಪಟ್ಟಿ ಕೊಡುತ್ತದೆ. ಅದರ ಮೇಲ್ತುದಿಯಲ್ಲಿ ಈಚಿನ ವರ್ಷಗಳಲ್ಲಿ ಇರುವುದು ಗಾಳಿಯಂತ್ರ ರಿಪೇರಿ ಮಾಡುವವರು, ಸೋಲಾರ್ ಪ್ಯಾನಲ್ ಕೂರಿಸುವವರು. ಎರಡೂ ಕೈಕೆಲಸವೇ, ನೋಡಿ. ಗಾಳಿಯಂತ್ರಕ್ಕೆ ಹೋಗುವವರಿಗೆ ಗ್ಲೋಬಲ್ ವಿಂಡ್ ಆರ್ಗನೈಸೇಷನ್‌ನ ಬೇಸಿಕ್ ಸೇಫ್ಟಿ ತರಬೇತಿ ಬಹಳ ಕಡೆ ಕೇಳುತ್ತಾರೆ. ಎತ್ತರದಲ್ಲಿ ಕೆಲಸ, ಪ್ರಥಮ ಚಿಕಿತ್ಸೆ, ಬೆಂಕಿ, ಭಾರ ಎತ್ತುವ ರೀತಿ, ಸಮುದ್ರದಲ್ಲಾದರೆ ಅಲ್ಲಿ ಬದುಕುಳಿಯುವ ತರಬೇತಿ. ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ದುಡ್ಡು ಕಟ್ಟಿ ಸೇರುವ ಮುಂಚೆ ಒಂದು ಎತ್ತರದ ಏಣಿ ಹತ್ತಿ ನೋಡಿ. ಗೋಪುರ 80, 100 ಮೀಟರ್, ಅದಕ್ಕೂ ಮೇಲೆ ಇರುತ್ತದೆ. ಅಲ್ಲಿ ಕೈ ನಡುಗಿದರೆ ಆಗುವುದಿಲ್ಲ.

ಬ್ಯಾಟರಿ ಫ್ಯಾಕ್ಟರಿಯಲ್ಲಿ ಡ್ರೈ ರೂಮ್ ಅಂತ ಇರುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ಬಳಸುವ ಉಪ್ಪಿಗೆ ತೇವ ತಗುಲಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ, ಸೆಲ್ ಹಾಳು. ಹಾಗಾಗಿ ಆ ಕೋಣೆಯ ಗಾಳಿ ಮರುಭೂಮಿಗಿಂತಲೂ ಒಣಗಿರುತ್ತದೆ. ತುಟಿ, ಕಣ್ಣು, ಚರ್ಮ ಒಣಗುತ್ತವೆ, ನೀರು ಕುಡಿಯುತ್ತಿರಬೇಕು. ಚಿಪ್ ಫ್ಯಾಕ್ಟರಿಯಲ್ಲಿ ಧೂಳೇ ಶತ್ರು. ಐಎಸ್ಒ ಕ್ಲಾಸ್ 5 ಕ್ಲೀನ್‌ರೂಮ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣ 3,520 ದಾಟುವಂತಿಲ್ಲ. ಮೈತುಂಬಾ ಸೂಟ್, ಕಣ್ಣು ಮಾತ್ರ ಹೊರಗೆ. ಮುಖಕ್ಕೆ ಪೌಡರ್ ಹಾಕುವಂತಿಲ್ಲ, ನೀರು ಕುಡಿಯಬೇಕಾದರೂ ಹೊರಗೆ ಬಂದು ಎಲ್ಲಾ ಬಿಚ್ಚಬೇಕು. ಇದೆಲ್ಲಾ ಹೆದರಿಸಲು ಹೇಳುತ್ತಿಲ್ಲ. ಎಂಟು, ಹನ್ನೆರಡು ಗಂಟೆ ನಿಮ್ಮ ಮೈ ಹೇಗಿರುತ್ತದೆ ಅಂತ ಜಾಹೀರಾತಿನಲ್ಲಿ ಬರೆಯುವುದಿಲ್ಲವಲ್ಲ, ಅದಕ್ಕೆ.

ಡೇಟಾ ಸೆಂಟರ್‌ಗಳನ್ನೂ ಮರೆಯಬೇಡಿ. ಕಂಪ್ಯೂಟರ್ ಓದಿದವರಿಗೆ ಮಾತ್ರ ಅಂತ ಜನ ಅಂದುಕೊಂಡಿದ್ದಾರೆ. ಅಲ್ಲಿನ ಕೂಲಿಂಗ್, ಯುಪಿಎಸ್, ಜನರೇಟರ್ ಹಗಲು ರಾತ್ರಿ ನೋಡಿಕೊಳ್ಳುವವರು ಎಲೆಕ್ಟ್ರಿಕಲ್, ಎಸಿ ಟೆಕ್ನಿಷಿಯನ್‌ಗಳೇ. ಔಷಧಿ ಮತ್ತು ವೈದ್ಯಕೀಯ ಉಪಕರಣ ಮಾಡುವ ಕಡೆ ಬರವಣಿಗೆ ಜಾಸ್ತಿ: ಮಾಡಿದ್ದನ್ನು ಆಗಲೇ ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ.

ಒಳಗೆ ಹೋಗುವುದು ಹೇಗೆ

ಸಾಧ್ಯವಾದರೆ ಅಪ್ರೆಂಟಿಸ್ ಆಗಿ ಸೇರಿ. ಜರ್ಮನಿಯಲ್ಲಿ ಇದನ್ನು ಚೆನ್ನಾಗಿ ಮಾಡುತ್ತಾರೆ: ವಾರದಲ್ಲಿ ಮೂರು ನಾಲ್ಕು ದಿನ ಕಂಪನಿ, ಒಂದೆರಡು ದಿನ ಶಾಲೆ, ಹೀಗೆ ಎರಡರಿಂದ ಮೂರೂವರೆ ವರ್ಷ, ಸಂಬಳದ ಜೊತೆಗೆ. ನೀವಿರುವ ಕಡೆ ಅಷ್ಟು ಅಚ್ಚುಕಟ್ಟಾಗಿ ಇರದಿದ್ದರೂ ಕಲಿಯುತ್ತಾ ದುಡಿಯುವ ದಾರಿ ಯಾವುದಾದರೂ ಇದ್ದರೆ ದುಡ್ಡು ಕೊಟ್ಟು ಕೋರ್ಸ್ ಮಾಡುವ ಮುಂಚೆ ಅದನ್ನು ನೋಡಿ. ಕೋರ್ಸೇ ಮಾಡುವುದಾದರೆ ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ. ಮಶೀನ್ ಮೇಲೆ ಧೂಳು ಕೂತಿದೆಯಾ, ಚಿಪ್ಸ್ (ಕತ್ತರಿಸಿದ ಲೋಹದ ಚೂರುಗಳು) ಬಿದ್ದಿವೆಯಾ? ಚಿಪ್ಸ್ ಬಿದ್ದಿದ್ದರೆ ಯಾರೋ ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ.

ರೆಸ್ಯೂಮೆಯಲ್ಲಿ "ಶ್ರಮಜೀವಿ, ಬೇಗ ಕಲಿಯುವವನು" ಅಂತ ಬರೆಯಬೇಡಿ. ಎಲ್ಲರೂ ಬರೆಯುತ್ತಾರೆ. ಹೀಗೆ ಬರೆಯಿರಿ: "ಫ್ಯಾನುಕ್ ಕಂಟ್ರೋಲ್ ಇರುವ ಸಿಎನ್‌ಸಿ ಲೇತ್, 14 ತಿಂಗಳು. ಉಕ್ಕು ಮತ್ತು ಅಲ್ಯೂಮಿನಿಯಂ. 0.02 ಟಾಲರೆನ್ಸ್. ಇನ್ಸರ್ಟ್ ಬದಲಾವಣೆ, ವೇರ್ ಆಫ್‌ಸೆಟ್ ಸ್ವತಂತ್ರವಾಗಿ." ಚಿಕ್ಕ ಸಾಲುಗಳೇ, ಆದರೆ ಓದುವ ಸೂಪರ್‌ವೈಸರ್‌ಗೆ ನೀವು ಯಾರು ಅಂತ ಗೊತ್ತಾಗುತ್ತದೆ. ಅನುಭವ ಇಲ್ಲದಿದ್ದರೆ ತರಬೇತಿಯಲ್ಲಿ ಮಾಡಿದ ಜಾಬ್ ಜೊತೆಗೆ ತೆಗೆದುಕೊಂಡು ಹೋಗಿ ಮೇಜಿನ ಮೇಲಿಡಿ. ಕಂಪನಿಯ ಒಳಗೆ ತೆಗೆದ ಫೋಟೋ ಮಾತ್ರ ಅನುಮತಿ ಇಲ್ಲದೆ ತೋರಿಸಬೇಡಿ.

ಇಂಟರ್ವ್ಯೂನಲ್ಲಿ ನೀವೂ ಕೇಳಬೇಕು. ಶಿಫ್ಟ್ ಎಷ್ಟು ದಿನಕ್ಕೆ ಬದಲಾಗುತ್ತದೆ? ಓವರ್‌ಟೈಮ್ ಕಡ್ಡಾಯವಾ, ಲೆಕ್ಕ ಹೇಗೆ? ಸರ್ಟಿಫಿಕೇಟ್ ಕೋರ್ಸಿನ ಖರ್ಚು ಯಾರದು, ಅದಕ್ಕೆ ಬಾಂಡ್ ಬರೆಸಿಕೊಳ್ಳುತ್ತೀರಾ? ಆಪರೇಟರ್ ಆಗಿ ಸೇರಿ ಇಲ್ಲಿ ಸೆಟ್ಟರ್ ಆದವರು ಯಾರಾದರೂ ಇದ್ದಾರಾ? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಅಲ್ಲಿ ಮೆಟ್ಟಿಲು ಇಲ್ಲ ಅಂತ ತಿಳಿಯಿರಿ. ಸಾಧ್ಯವಾದರೆ ಶಾಪ್ ಫ್ಲೋರ್ ತೋರಿಸಿ ಅನ್ನಿ. ಗಾರ್ಡ್ ಬಿಚ್ಚಿಟ್ಟ ಮಶೀನ್ ಓಡುತ್ತಿದೆಯಾ, ಬಾಗಿಲಿನ ಸ್ವಿಚ್‌ಗೆ ಟೇಪ್ ಸುತ್ತಿದ್ದಾರಾ ನೋಡಿ. ಸುತ್ತಿದ್ದರೆ ಸಂಬಳ ಎಷ್ಟೇ ಇರಲಿ, ನಾನಾದರೆ ಸೇರುವುದಿಲ್ಲ. ಪಕ್ಕದಲ್ಲಿ ನಿಂತವರ ಜೊತೆ ಕಿರುಚಿ ಮಾತಾಡಬೇಕಾದರೆ ಸದ್ದು 85 ಡೆಸಿಬಲ್ ಆಸುಪಾಸು ಅಥವಾ ಅದಕ್ಕೂ ಜಾಸ್ತಿ ಇದೆ ಅಂತ ಅಂದಾಜು. ಕಿವಿಗೆ ಪ್ಲಗ್ ಕೊಡುತ್ತಾರಾ ಕೇಳಿ. ಹೋದ ಕಿವಿ ವಾಪಸ್ ಬರುವುದಿಲ್ಲ.

ಕೆಲಸ ಕೊಡಿಸುತ್ತೇನೆ ಅಂತ ಮುಂಗಡ ಕೇಳುವವರಿಂದ, ಪಾಸ್‌ಪೋರ್ಟ್ ಅಥವಾ ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇನೆ ಅನ್ನುವವರಿಂದ ದೂರ ಇರಿ. ಇದರಲ್ಲಿ ವಿನಾಯಿತಿ ಬೇಡ.

ಸೇರಿದ ಮೊದಲ ದಿನದಿಂದ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರಲಿ. ಪ್ರತಿ ಬ್ರೇಕ್‌ಡೌನ್‌ಗೆ ನಾಲ್ಕು ಸಾಲು: ಏನಾಯಿತು, ಏನೇನು ಪರೀಕ್ಷೆ ಮಾಡಿದೆವು, ಕಾರಣ ಏನಿತ್ತು, ಎಷ್ಟು ಹೊತ್ತು ಹಿಡಿಯಿತು. ಸಿಎನ್‌ಸಿಯಲ್ಲಿದ್ದರೆ ಯಾವ ವಸ್ತುವಿಗೆ ಯಾವ ಇನ್ಸರ್ಟ್, ಎಷ್ಟು ಜಾಬ್‌ಗೆ ಸವೆಯಿತು. ಅದೇ ತೊಂದರೆ ಮೂರು ತಿಂಗಳ ನಂತರ ಇನ್ನೊಂದು ಶಿಫ್ಟ್‌ನಲ್ಲಿ ಬರುತ್ತದೆ, ಆಗ ಪುಟ ತಿರುವಿ ಕಾರಣ ಹೇಳುವವರು ನೀವೇ ಆಗಿರುತ್ತೀರಿ. ಡ್ರಾಯಿಂಗ್ ನಂಬರ್, ಕಂಪನಿಯ ಗುಟ್ಟು ಅದರಲ್ಲಿ ಬರೆಯಬೇಡಿ, ನೀವು ಕಲಿತದ್ದು ಮಾತ್ರ. ನನ್ನದು ಎಣ್ಣೆ ಹತ್ತಿ ಕಪ್ಪಾಗಿದೆ, ಮೊದಲ ಪುಟದಲ್ಲಿ ಇರುವುದು ಒಂದೇ ಸಾಲು: ರಾಚೆಟ್ ಹಿಡಿದು ತಿರುಗಿಸು, ಮೂರು ಟಿಕ್.